ಕಾರಣ ನನಗೆ ಗೊತ್ತು

ಅವರು ತೀರಿಕೊಂಡ ಮರುದಿನ ನಮ್ಮ ರಕ್ತದಾನಿಗಳ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಯಾರೋ "ಬಳಗ ಕಟ್ಟಿದವರು" ಎಂದು ಬರೆದರು. ತೀರ್ಥಹಳ್ಳಿಯವರೊಬ್ಬರು "ಕೊನೆಗೊಂದು ತಪ್ಪು ಮಾಡಿದರು, ಆದರೂ ದೊಡ್ಡ ಜೀವ" ಎಂದು ಬರೆದರು. ಆ ಮಾತಿಗೆ ಸುಮಾರು ಜನ ಹೆಬ್ಬೆರಳು ಎತ್ತಿದ್ದರು. ಸಾಗರದ ನನ್ನ ಅಂಗಡಿಯಲ್ಲಿ ಕೂತು ನಾನದನ್ನು ಓದಿದೆ. ಆ ತಪ್ಪು ಅವರದ್ದಲ್ಲ, ನಿಜವಾಗಿ ಯಾರದ್ದು ಎಂದು ಗೊತ್ತಿದ್ದವನು ಇಡೀ ಗುಂಪಿನಲ್ಲಿ ನಾನೊಬ್ಬನೇ. ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಫೋನನ್ನು ಮಗುಚಿಟ್ಟೆ.

ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ಗಿಡ್ಡ ಆಳು, ಬಿರುಸು ನಡಿಗೆ. ಯಾರದ್ದಾದರೂ ಫೋನ್ ನಂಬರ್ ಬರೆದುಕೊಳ್ಳುವಾಗ ಎಡಗೈಯನ್ನು ಚೀಟಿಗೆ ಅಡ್ಡ ಹಿಡಿಯುತ್ತಿದ್ದರು. ಎದುರಿಗೆ ಕೂತ ನನಗೆ ಪರೀಕ್ಷೆಯಲ್ಲಿ ಉತ್ತರ ಮುಚ್ಚಿಟ್ಟುಕೊಳ್ಳುವ ಹುಡುಗಿಯ ಪಕ್ಕ ಕೂತಂತೆ ಅನ್ನಿಸಿ ಸಿಟ್ಟು ಬರುತ್ತಿತ್ತು. ಮದುವೆ ಮನೆಗಳಿಗೆ ಅವರು ಹೋಗುವುದು ಕಡಿಮೆ. ಕೇಳಿದರೆ, "ಅಲ್ಲಿ ಕೂತಿರೋ ಅರ್ಧ ಜನರ ರಕ್ತ ನಾನು ನೋಡಿದೀನಿ ಮಾರಾಯ. ಅವ್ರು ನನ್ನ ನೋಡಿದ ಕೂಡ್ಲೇ ಊಟದ ಎಲೆ ಮೇಲೇ ಮುಖ ಸಣ್ಣ ಮಾಡ್ತಾರೆ. ನಂಗೆ ಎಲ್ಲಾ ನೆನಪಿದೆ ಅಂತ ಅವ್ರಿಗೆ ಹೆದ್ರಿಕೆ," ಎನ್ನುತ್ತಿದ್ದರು. ನೆನಪಿದೆಯೋ ಎಂದು ಕೇಳಿದರೆ ಮಾತ್ರ ಮಾತು ತಿರುಗಿಸುತ್ತಿದ್ದರು.

ನಾನು ವೆಬ್‌ಸೈಟ್ ಮಾಡಿಕೊಡುವವನು. ಹೋಮ್‌ಸ್ಟೇ, ಕಲ್ಯಾಣ ಮಂಟಪ, ಟ್ರಾವೆಲ್ಸ್, ಯಾರು ಕೇಳಿದರೂ ಸೈ. ಅಕ್ಕ ಒಂದು ಬೆಳಿಗ್ಗೆ ಮೂರು ನೋಟ್‌ಬುಕ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಸಾಗರಕ್ಕೊಂದು, ಹೊಸನಗರಕ್ಕೊಂದು, ತೀರ್ಥಹಳ್ಳಿಗೊಂದು. ಒಳಗೆ ರಕ್ತ ಕೊಡುವವರ ಹೆಸರು, ಗುಂಪು, ಫೋನ್ ನಂಬರ್.

"ಇದನ್ನ ಕಂಪ್ಯೂಟರಿಗೆ ಹಾಕ್ಬೇಕು. ಆದ್ರೆ ಯಾರಿಗೂ ಕಾಣಬಾರ್ದು."

"ಯಾರಿಗೂ ಕಾಣಬಾರ್ದು ಅಂದ್ರೆ ಕಂಪ್ಯೂಟರಿಗೆ ಎಂತಕ್ಕೆ ಅಕ್ಕಾ, ಟ್ರಂಕಿಗೆ ಹಾಕಿ ಬೀಗ ಜಡೀರಿ," ಎಂದೆ.

ಅವರು ನಗಲಿಲ್ಲ. "ಯಾರಿಗೆ ಎಷ್ಟು ಬೇಕೋ ಅಷ್ಟು ಕಾಣ್ಬೇಕು. ಅಷ್ಟು ಗೊತ್ತಿಲ್ದೆ ನೀನೆಂತ ವೆಬ್‌ಸೈಟ್ ಮಾಡ್ತೀಯ?"

ಹೀಗೆ ಶುರುವಾಯಿತು. ವೆಬ್‌ಸೈಟಿನಲ್ಲಿ ಎಲ್ಲರೂ ನೋಡುವ ಪುಟಗಳ ಹಿಂದೆ, ನಡೆಸುವವರಿಗೆ ಮಾತ್ರ ತೆರೆಯುವ ಒಂದು ಪುಟ ಇರುತ್ತದೆ. ಡ್ಯಾಶ್‌ಬೋರ್ಡ್ ಎನ್ನುತ್ತೇವೆ. ಅದರಲ್ಲಿ ಚೌಕಚೌಕದ ಪೆಟ್ಟಿಗೆಗಳು. ನಮ್ಮದರಲ್ಲಿ ನಾಲ್ಕಿದ್ದವು. ಇವತ್ತು ರಕ್ತ ಕೇಳಿದವರು, ಹತ್ತಿರದ ದಾನಿಗಳು, ಮುಂದಿನ ಶಿಬಿರ, ಮತ್ತು ದಾನಿಗಳ ಬಗ್ಗೆ ಅಕ್ಕ ಬರೆದ ಟಿಪ್ಪಣಿಗಳು. ಯಾರು ಯಾವ ಮಟ್ಟದವರೋ ಅದರಂತೆ ಪೆಟ್ಟಿಗೆ ಕಾಣುವಂತೆ ಮಾಡಬಹುದು. ಹಳ್ಳಿಯ ಸ್ವಯಂಸೇವಕರಿಗೆ ಕೇಳಿದವರ ಪೆಟ್ಟಿಗೆ, ಶಿಬಿರದ ಪೆಟ್ಟಿಗೆ ಎರಡೇ ಸಾಕು ಎಂದರು ಅಕ್ಕ. ತಾಲ್ಲೂಕು ನೋಡಿಕೊಳ್ಳುವ ಮೂವರಿಗೆ ಇವೆರಡರ ಜೊತೆ ದಾನಿಗಳ ಪಟ್ಟಿ. ಟಿಪ್ಪಣಿಯ ಪೆಟ್ಟಿಗೆ ಅವರಿಗೊಬ್ಬರಿಗೇ. ನನಗೂ ಬೇಡ ಎಂದಿದ್ದರು. ಮಾಡಿದವನಿಗೇ ಕಾಣದಂತೆ ಮಾಡುವುದು ಆಗುವ ಹೋಗುವ ಮಾತಲ್ಲ ಎಂದು ಒಂದು ಗಂಟೆ ವಾದ ಮಾಡಿ ಒಪ್ಪಿಸಿದೆ. "ಹಾಗಾದ್ರೆ ಕಾಣ್ಲಿ. ಆದ್ರೆ ನೋಡ್ಬೇಡ," ಎಂದರು.

ಈ ಪೆಟ್ಟಿಗೆಗಳ ಮೇಲೆ ನಡೆದ ಜಗಳಗಳೇನು ಕಡಿಮೆಯೇ! ತೀರ್ಥಹಳ್ಳಿ ನೋಡಿಕೊಳ್ಳುವವರು ಒಮ್ಮೆ ಸಾಗರದವರ ಫೋನಿನಲ್ಲಿ ನಾಲ್ಕು ಪೆಟ್ಟಿಗೆ ಕಂಡರಂತೆ. ಅಲ್ಲಿಂದಲೇ ನನಗೆ ಫೋನ್. "ಸಾಗರದೋರಿಗೆ ನಾಕು, ನಮಗೆ ಮೂರಾ? ನಮ್ಮಲ್ಲೇನು ದಾನಿಗಳಿಲ್ವಾ? ಕೋಣಂದೂರೊಂದ್ರಲ್ಲೇ ಎಷ್ಟು ಜನ ಇದಾರೆ ಗೊತ್ತಾ ನಿಮಗೆ?" ವಿಚಾರಿಸಿದರೆ ಸಾಗರದವರ ನಾಲ್ಕನೆಯದು ಹವಾಮಾನ ತೋರಿಸುವ ಬೇರೆ ಯಾವುದೋ ಆ್ಯಪ್. ಅಷ್ಟು ಹೇಳಿದರೂ ಇವರ ಮುನಿಸು ಇಳಿಯಲಿಲ್ಲ. ಅಕ್ಕ ನನ್ನನ್ನು ಕರೆದು, "ಅವ್ರಿಗೊಂದು ನಾಲ್ಕನೇ ಪೆಟ್ಟಿಗೆ ಮಾಡು. ಅದ್ರಲ್ಲಿ 'ರಕ್ತ ಕೊಟ್ಟ ಮೇಲೆ ನೀರು ಕುಡಿಯಿರಿ' ಅಂತ ಬರಿ," ಎಂದರು. ಬರೆದೆ. ತೀರ್ಥಹಳ್ಳಿಯವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೊಂದೇ ಸಲ.

ಅವರ ಇನ್ನೊಂದು ಕಟ್ಟಳೆ ಇತ್ತು. ನಾನು ಏನೇ ಬದಲಾಯಿಸಲಿ, ತೀರಾ ಕೆಳಗಿನ ಮಟ್ಟದ ಸ್ವಯಂಸೇವಕನಾಗಿ ಒಳಗೆ ಹೋಗಿ, ಅವನಿಗೆ ಏನು ಕಾಣುತ್ತದೆ ಎಂದು ನೋಡಿ ಬರಬೇಕು. ಅದಕ್ಕಾಗಿಯೇ ಯಾರದ್ದೂ ಅಲ್ಲದ ಒಂದು ಖಾತೆ ಮಾಡಿಸಿದ್ದರು. ಅದಕ್ಕೆ ಅವರಿಟ್ಟ ಹೆಸರು ಪಾಪದವ, ಅಂದರೆ ಏನೂ ಅರಿಯದ ಬಡಪಾಯಿ. ನಾನು ಕೆಲಸ ಮುಗಿಯಿತು ಎಂದರೆ ಸಾಕು, "ಪಾಪದವಂಗೆ ಎಂತ ಕಾಣ್ತದೆ ಈಗ?" ಎಂದು ಕೇಳುತ್ತಿದ್ದರು. ಮೊದಮೊದಲು ಹೋಗಿ ನೋಡಿ ಹೇಳುತ್ತಿದ್ದೆ. ಬರಬರುತ್ತಾ ನೋಡದೆಯೇ "ಎರಡೇ ಅಕ್ಕ" ಎಂದು ಹೇಳತೊಡಗಿದೆ.

ಇಷ್ಟು ಮುಚ್ಚುಮರೆ ಯಾಕೆ ಎಂದು ಒಂದು ದಿನ ಕೇಳಿಯೇ ಬಿಟ್ಟೆ. ಸಾಗರದಿಂದ ಹೊಸನಗರಕ್ಕೆ ನನ್ನ ಕಾರಿನಲ್ಲಿ ಹೋಗುತ್ತಿದ್ದೆವು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂಗನ ಕಾಯಿಲೆಯ ಕಾಲ. ಜ್ವರ ಬಂದವರ ರಕ್ತದ ಮಾದರಿ ಇವರ ಕೈಮೇಲೆ ಹೋಗುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಗೆಳತಿಯ ಹತ್ತಿರ "ಇಂಥವರ ಮನೆಯದ್ದು ಪರೀಕ್ಷೆಗೆ ಕಳಿಸಿದೀವಿ" ಎಂದು ಬಾಯಿತಪ್ಪಿ ಅಂದರಂತೆ. ಮರುದಿನದಿಂದ ಆ ಮನೆಯ ಹಾಲನ್ನು ಊರಿನವರು ತೆಗೆದುಕೊಳ್ಳಲಿಲ್ಲ. ಆ ಮನೆಯವರಿಗೆ ಬಂದದ್ದು ಮಾಮೂಲಿ ಜ್ವರ. "ಹಾಲು ಚರಂಡಿಗೆ ಚೆಲ್ತಿದ್ರು ಮಾರಾಯ. ನಾನು ಅದೇ ದಾರೀಲಿ ಡ್ಯೂಟಿಗೆ ಹೋಗ್ಬೇಕಿತ್ತು," ಎಂದರು.

ಅದಕ್ಕೇ ಅವರ ಟಿಪ್ಪಣಿಗಳಲ್ಲಿ ಕಾರಣ ಇರುತ್ತಿರಲಿಲ್ಲ. ಒಬ್ಬರಿಗೆ ಮಾತ್ರೆ ನಡೆಯುತ್ತಿರುತ್ತದೆ, ಇನ್ನೊಬ್ಬರು ಹೆರಿಗೆಯಾದವರು, ಮತ್ತೊಬ್ಬ ಗಟ್ಟಿಮುಟ್ಟಾದ ಜೀಪಿನ ಡ್ರೈವರ್ ಸೂಜಿ ಕಂಡರೆ ಮೂರ್ಛೆ ಬೀಳುವವನು. ಎಲ್ಲರ ಮುಂದೂ ಒಂದೇ ಸಾಲು: "ಕರೆಯಬೇಡಿ. ಕಾರಣ ನನಗೆ ಗೊತ್ತು." ಬರೆದಿಡದ ಗುಟ್ಟು ಸೋರುವುದಿಲ್ಲ ಎಂಬುದು ಅವರ ಲೆಕ್ಕ. ಕಾರಣ ಬರೆಯದಿದ್ದರೆ ಓದಿದವನು ತಾನೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತಾನೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಅಕ್ಕ ಮಾಸ್ತಿಕಟ್ಟೆಯ ನೆಂಟರ ಮನೆಗೆ ಹೋಗಿದ್ದರು. ಆ ಕಡೆ ಟವರ್ ಸತ್ತಿತ್ತು. ತೀರ್ಥಹಳ್ಳಿಯ ಆಸ್ಪತ್ರೆಗೆ ಹೆರಿಗೆಗೆ ಬಂದ ಹೆಂಗಸೊಬ್ಬರಿಗೆ ತುರ್ತಾಗಿ ರಕ್ತ ಬೇಕು, ಸಿಗುವುದು ಕಷ್ಟವಾದ ಗುಂಪು. ಸ್ವಯಂಸೇವಕರು ನನಗೆ ಮೇಲಿಂದ ಮೇಲೆ ಫೋನ್ ಮಾಡಿದರು. "ನಮಗೆ ಪಟ್ಟಿಯೇ ಕಾಣಲ್ಲ ಅಣ್ಣ, ತಾಲ್ಲೂಕಿನೋರು ಸಿಕ್ತಿಲ್ಲ, ಯಾರಿಗೆ ಫೋನ್ ಮಾಡೋದು?" ನಾನು ಎಲ್ಲರಿಗೂ ದಾನಿಗಳ ಪೆಟ್ಟಿಗೆ ತೆರೆದೆ. ಕೊಡಬಾರದವರನ್ನು ಕರೆದಾರು ಎಂದು ಟಿಪ್ಪಣಿಯ ಪೆಟ್ಟಿಗೆಯನ್ನೂ ತೆರೆದೆ. ಒಂದೂವರೆ ಗಂಟೆಯೊಳಗೆ ಆಗುಂಬೆಯ ಕಡೆಯ ಇಬ್ಬರು ಸಿಕ್ಕಿ, ಹೊರಟು, ರಕ್ತ ಕೊಟ್ಟರು. ತಾಯಿ ಮಗು ಇಬ್ಬರೂ ಉಳಿದರು. ಆವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಂಜೆ ದಾನಿಗಳ ಪೆಟ್ಟಿಗೆ ಮುಚ್ಚಿದೆ. ಟಿಪ್ಪಣಿಯದ್ದೂ ಮುಚ್ಚಿದೆ ಅಂದುಕೊಂಡೆ. ಗೆಳೆಯರು ಟೀ ಕುಡಿಯಲು ಕರೆದರು, ಹೋದೆ. ಪಾಪದವನಾಗಿ ಒಳಗೆ ಹೋಗಿ ನೋಡಲಿಲ್ಲ.

ಅದಾಗಿ ಮೂರನೆಯ ದಿನ ಹೊಸನಗರದಲ್ಲಿ ಶಿಬಿರ ನಡೆಯಿತು. ಕೋಣಂದೂರಿನ ಹತ್ತಿರದ ಊರಿಗೆ ಮದುವೆಯಾಗಿ ಹೋಗಿದ್ದ ಒಬ್ಬ ಹುಡುಗಿ ತವರಿಗೆ ಬಂದವಳು ಅಲ್ಲಿಗೂ ಬಂದಳು. ಕಾಲೇಜಿನಲ್ಲಿದ್ದಾಗಿನಿಂದ ರಕ್ತ ಕೊಟ್ಟವಳು, ಅಕ್ಕನಿಗೆ ಅಚ್ಚುಮೆಚ್ಚು. ಬೆರಳು ಚುಚ್ಚಿ ನೋಡಿದರೆ ರಕ್ತ ತೀರಾ ಕಡಿಮೆ. ಗಂಡನ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಅವಳ ಊಟ, ಪಾತ್ರೆಯಲ್ಲಿ ಉಳಿದಷ್ಟು. "ಮನೇಲಿ ಹೇಳ್ಬೇಡಿ ಅಕ್ಕ. ಎರಡು ವರ್ಷ ಆಯ್ತು, ಮಕ್ಕಳಾಗ್ಲಿಲ್ಲ ಅಂತ ಮೊದ್ಲೇ ಅಂತಾರೆ. ಇದೂ ಗೊತ್ತಾದ್ರೆ ರೋಗಿಷ್ಟೇನ ಕಟ್ಟಿದ್ರು ಅಂತಾರೆ," ಎಂದು ಕೈ ಹಿಡಿದುಕೊಂಡಳಂತೆ. ಅಕ್ಕ ಮಾತು ಕೊಟ್ಟರು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿ, ಅವಳ ಹೆಸರಿನ ಮುಂದೆ ಎಂದಿನ ಸಾಲು ಬರೆದರು.

ಆ ಸಾಲು ಎಲ್ಲ ಸ್ವಯಂಸೇವಕರ ಫೋನಿನಲ್ಲೂ ಮೇಲೆಯೇ ಕಾಣುತ್ತಿತ್ತು. ಅವಳ ಗಂಡನ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ನಮ್ಮ ಸ್ವಯಂಸೇವಕನೊಬ್ಬ ಅದನ್ನು ಓದಿದ. ಕೆಟ್ಟವನಲ್ಲ. ಹೆಂಡತಿಯ ಹತ್ತಿರ "ಆ ಮನೆ ಸೊಸೇದು ರಕ್ತ ತಗೋಬಾರ್ದಂತೆ, ಕಾರಣ ಹೇಳೋ ಹಾಗಿಲ್ಲವಂತೆ" ಎಂದ, ಅಷ್ಟೇ. ಹೇಳುವ ಹಾಗಿಲ್ಲದ ಕಾಯಿಲೆ ಯಾವುದು ಎಂದು ಊರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಂದು ವಾರದಲ್ಲಿ ಅವಳ ತಟ್ಟೆ ಲೋಟ ಬೇರೆಯಾಯಿತು. ಅದರ ಮರುದಿನ ಗಂಡ ಅವಳನ್ನು ತವರಿಗೆ ಬಿಟ್ಟು ಹೋದ.

ಅಕ್ಕ ನನಗೆ ಫೋನ್ ಮಾಡಿದರು. ನಮಸ್ಕಾರವಿಲ್ಲ, ಮಾರಾಯ ಇಲ್ಲ. "ಟಿಪ್ಪಣಿ ಪೆಟ್ಟಿಗೆ ಯಾರಿಗೆಲ್ಲ ಕಾಣ್ತದೆ?"

ಪಾಪದವನಾಗಿ ಒಳಗೆ ಹೋದೆ. ಪೆಟ್ಟಿಗೆ ಅಲ್ಲೇ ಇತ್ತು. ಮುಚ್ಚಿ, "ಈಗ ಸರಿ ಮಾಡಿದೆ ಅಕ್ಕ," ಎಂದೆ.

"ಎಷ್ಟು ದಿನ ತೆರ್ದಿತ್ತು?"

ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ನಾಳೆ ಕಾರ್ ತಗೊಂಡು ಬಾ," ಎಂದು ಫೋನ್ ಇಟ್ಟರು.

ಹುಡುಗಿಯ ತವರುಮನೆ ಹೊಸನಗರದಿಂದ ಎಂಟು ಮೈಲಿ. ದಾರಿಯಲ್ಲಿ ಅಕ್ಕ ಒಂದೇ ಮಾತು ಹೇಳಿದರು. "ವೆಬ್‌ಸೈಟಿಂದ ಹೋಯ್ತು ಅಂತ ಗೊತ್ತಾದ್ರೆ ನಾಳೆ ಮೂರು ತಾಲ್ಲೂಕಲ್ಲಿ ಒಬ್ರೂ ಹೆಸ್ರು ಕೊಡಲ್ಲ. ಕೊಟ್ಟೋರೂ ತೆಗೀರಿ ಅಂತಾರೆ. ನನ್ನ ಬಾಯಿಂದ ಹೋಯ್ತು ಅಂದ್ರೆ ನಾನೊಬ್ಳು ಹೋದ್ರೆ ಮುಗೀತು. ನೀನು ಸುಮ್ನಿರು." ನಾನು ಬೇಡ ಅಕ್ಕ ಎನ್ನಬೇಕಿತ್ತು. ನನ್ನ ಅಂಗಡಿ, ನನ್ನ ಹೆಸರು, ನಾಳೆ ಯಾರು ನನಗೆ ಕೆಲಸ ಕೊಟ್ಟಾರು ಎಂಬುದೆಲ್ಲ ಆ ಕ್ಷಣಕ್ಕೇ ತಲೆಗೆ ಬಂತು. ಗೇರ್ ಬದಲಾಯಿಸಿದೆ.

ಹುಡುಗಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅಕ್ಕ ಪಕ್ಕದಲ್ಲಿ ಕೂತು, ಶಿಬಿರದ ದಿನದ ಚೀಟಿ ತೆಗೆದರು. "ನೀನು ಹೂಂ ಅನ್ನು ಮಗಳೇ. ಈಗ್ಲೇ ನಿನ್ನ ಗಂಡನ ಮನೆಗೆ ಹೋಗ್ತೀನಿ. ಇದನ್ನ ತೋರಿಸ್ತೀನಿ. ಊಟ ಸಾಲ್ದೆ ಹೀಗಾಗಿದೆ, ಬೇರೆ ಎಂತದೂ ಇಲ್ಲ ಅಂತ ಎದುರಿಗೇ ಹೇಳ್ತೀನಿ. ನೀನು ಬೇಡ ಅಂದ್ರೆ ತೋರ್ಸಲ್ಲ."

ಹುಡುಗಿ ಚೀಟಿಯನ್ನು ಮುಟ್ಟಲಿಲ್ಲ. "ಬೇಡ. ಚೀಟಿ ನೋಡಿ ಒಳಗೆ ಕರ್ಕೊಳೋ ಮನೆಗೆ ನಾನು ಹೋಗಲ್ಲ," ಎಂದಳು. ಆಮೇಲೆ ಅಕ್ಕನ ಮುಖ ನೋಡಿ, "ಒಂದು ಮಾತು ಹೇಳಿ ಅಕ್ಕ. ನೀವೇ ಹೇಳಿದ್ರಾ?" ಎಂದು ಕೇಳಿದಳು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ನನ್ನ ಕಡೆ ಒಮ್ಮೆ ನೋಡಿದರು. ಸುಮ್ಮನಿರು ಎಂದೋ, ಈಗಲಾದರೂ ಬಾಯಿ ಬಿಡು ಎಂದೋ, ಇವತ್ತಿಗೂ ನನಗೆ ತಿಳಿದಿಲ್ಲ. ಸುಮ್ಮನಿರು ಎಂದೇ ಓದಿಕೊಂಡೆ, ನನಗೆ ಅನುಕೂಲವಾಗಿದ್ದು ಅದೇ.

"ಹೌದು. ನನ್ನಿಂದ್ಲೇ ಆಯ್ತು," ಎಂದರು ಅಕ್ಕ.

ಹುಡುಗಿ ಎದ್ದು ಒಳಗೆ ಹೋದಳು. ಅವಳ ತಾಯಿ ತಂದಿಟ್ಟ ಕಾಫಿ ಹಾಗೇ ಆರಿತು. ಅಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅವಳ ತಾಯಿಯ ಕೈಗೆ ಕೊಟ್ಟರು. "ಇದು ಅವಳ್ದು, ನನ್ನ ಹತ್ರ ಇರ್ಬಾರ್ದು," ಎಂದರು.

ಬಳಗದ ಸಭೆಯಲ್ಲೂ ಅದನ್ನೇ ಹೇಳಿದರು. ಬಾಯಿತಪ್ಪಿ ಯಾರದ್ದೋ ಹತ್ತಿರ ಅಂದೆ, ತಪ್ಪಾಯಿತು, ಇನ್ನು ನಾನು ಇರುವುದಿಲ್ಲ. ಪೆಟ್ಟಿಗೆಯಲ್ಲೇ ಓದಿದ್ದ ಮೊಬೈಲ್ ಅಂಗಡಿಯವನು ತನ್ನ ಹೆಸರು ಹೊರಬೀಳಲಿಲ್ಲವಲ್ಲ ಎಂದು ತಲೆ ತಗ್ಗಿಸಿ ಕೂತಿದ್ದ. ಅದು ಎಲ್ಲರಿಗೂ ಕಾಣುವುದೇ ಇರಬೇಕು ಎಂದು ಅವನು ತಿಳಿದಿದ್ದ, ಅವನನ್ನು ನಾನೇನು ಅನ್ನಲಿ? ತೀರ್ಥಹಳ್ಳಿಯವರು ದೊಡ್ಡ ಭಾಷಣ ಮಾಡಿದರು. ಗುಟ್ಟು ಕಾಯುವವರೇ ಹೀಗೆ ಮಾಡಿದರೆ ಹೇಗೆ ಎಂದೆಲ್ಲ. ಅಕ್ಕ ನೆಟ್ಟಗೆ ಕೂತು ಪೂರ್ತಿ ಕೇಳಿದರು. ನಾನು ಲ್ಯಾಪ್‌ಟಾಪಿನ ಹಿಂದೆ ಮುಖ ಇಟ್ಟುಕೊಂಡು, ಸಭೆಯ ನಡಾವಳಿಯಲ್ಲಿ ಅಕ್ಕನ ತಪ್ಪೊಪ್ಪಿಗೆಯನ್ನು ಟೈಪ್ ಮಾಡಿದೆ.

ಹೊರಗೆ ಬಂದ ಮೇಲೆ, "ನಿಮ್ಮ ಖಾತೆ ತೆಗೀಲಾ ಅಕ್ಕ?" ಎಂದೆ.

"ತೆಗೀಬೇಡ. ಕೆಳಗಿನ ಮಟ್ಟಕ್ಕೆ ಹಾಕು. ಇವತ್ತು ಯಾರಿಗೆ ರಕ್ತ ಬೇಕು ಅಂತ ಕಾಣ್ತಿರ್ಲಿ, ಸಾಕು."

ಹಾಗೇ ಮಾಡಿದೆ. ಬಳಗ ಕಟ್ಟಿದವರು ಎರಡು ಪೆಟ್ಟಿಗೆಯ ಸ್ವಯಂಸೇವಕಿಯಾಗಿ ಉಳಿದರು. ಹೊಸನಗರದ ಕಡೆಯಿಂದ ಯಾರಾದರೂ ರಕ್ತ ಕೇಳಿದರೆ "ನೋಡಿದ್ದೇನೆ, ಹೊರಟೆ" ಎಂಬ ಮೊದಲ ಉತ್ತರ ಅವರದ್ದೇ ಇರುತ್ತಿತ್ತು. ದಾನಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಬಾಗಿಲ ತನಕ ಬಿಟ್ಟು, ಒಳಗೆ ಬರದೆ ವಾಪಸ್ ಹೋಗುತ್ತಿದ್ದರಂತೆ. ಪಟ್ಟಿಯಿಂದ ಒಬ್ಬ ದಾನಿಯೂ ಹೆಸರು ತೆಗೆಸಲಿಲ್ಲ. ಅವರ ಲೆಕ್ಕ ಸರಿಯಿತ್ತು. ಹುಡುಗಿಯ ಗಂಡ ಮಾತ್ರ ವಾಪಸ್ ಕರೆಯಲಿಲ್ಲ. ಬೇರೆಯಾದರು.

ಎರಡು ವರ್ಷ ಕಳೆದು ಅಕ್ಕ ಹಾಸಿಗೆ ಹಿಡಿದರು. ನಾನು ನೋಡಲು ಹೋದಾಗ ಆಸ್ಪತ್ರೆಯಲ್ಲಿದ್ದರು. ತಮ್ಮ ರಿಪೋರ್ಟನ್ನು ಮಗುಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಅದೂ ಇದೂ ಮಾತಾಡಿ, "ಆ ಹುಡುಗಿ ಹೇಗಿದಾಳಂತೆ?" ಎಂದು ಕೇಳಿದರು. ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ, ಚೆನ್ನಾಗಿದ್ದಾಳೆ ಎಂದೆ.

"ಹೋಗಿ ಅವಳಿಗೆ ನಿಜ ಹೇಳ್ಲಾ ಅಕ್ಕ?" ಎಂದೂ ಕೇಳಿದೆ. ಬೇಡ ಎನ್ನುತ್ತಾರೆ ಎಂದು ನಂಬಿಯೇ ಕೇಳಿದ್ದು.

ಅವರು ಬೇಡ ಎನ್ನಲಿಲ್ಲ. ಕಿಟಕಿಯ ಕಡೆ ತಿರುಗಿ, "ನಿನ್ನಿಷ್ಟ ಮಾರಾಯ," ಎಂದರು.

ಸಾಗರಕ್ಕೆ ಬಂದವನು ಇವತ್ತು ನಾಳೆ ಎಂದು ಮೂರು ವಾರ ತಳ್ಳಿದೆ. ಆ ಮೂರು ವಾರದಲ್ಲಿ ಎರಡು ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟೆ. ನಾಲ್ಕನೆಯ ವಾರ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು.

ತಿಥಿ ಮುಗಿದ ಮರುದಿನ ತೀರ್ಥಹಳ್ಳಿಗೆ ಹೋದೆ. ಬೆಳಗಿನ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹುಡುಗಿ ನನ್ನ ಗುರುತು ಹಿಡಿದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆ ಮಧ್ಯಾಹ್ನ, ತೆರೆದಿಟ್ಟ ಪೆಟ್ಟಿಗೆ, ಹೋಗಿ ನೋಡದೆ ಬಿಟ್ಟದ್ದು, ಕಾರಿನಲ್ಲಿ ಅಕ್ಕ ಅಂದ ಮಾತು. ಅಕ್ಕ ಯಾರ ಹತ್ತಿರವೂ ಏನೂ ಹೇಳಿರಲಿಲ್ಲ, ನಿನ್ನ ಗುಟ್ಟು ಹೊರಗೆ ಬಿದ್ದದ್ದು ನನ್ನಿಂದ ಎಂದೆ. ಬಯ್ದರೆ ಬಯ್ಯಲಿ, ಕಪಾಳಕ್ಕೆ ಹೊಡೆದರೂ ಹೊಡೆಯಲಿ ಎಂದು ಸಿದ್ಧನಾಗಿಯೇ ಹೋಗಿದ್ದೆ. ಹಾಗೆ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಮಾತ್ರೆಗಳನ್ನು ಕವರಿಗೆ ಹಾಕುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಅವತ್ತು ನೀವು ಬಾಗ್ಲ ಹತ್ರ ನಿಂತಿದ್ರಲ್ಲ?"

"ಹೌದು."

"ನಾನು ಕೇಳಿದ್ದು ನಿಮಗೆ ಕೇಳ್ಸಿತ್ತಲ್ಲ?"

"ಕೇಳ್ಸಿತ್ತು."

ತಲೆಯಾಡಿಸಿದಳು. ಎದುರಿಗಿದ್ದ ಕವರನ್ನು ಆ ಕಡೆ ಸರಿಸಿ, ಮತ್ತೆ ಈ ಕಡೆ ಸರಿಸಿದಳು.

"ಆಸ್ಪತ್ರೆಯಿಂದ ಅವ್ರು ನಂಗೆ ಎರಡು ಸಲ ಫೋನ್ ಮಾಡಿದ್ರು," ಎಂದಳು. "ಹೆಸ್ರು ಕಾಣ್ತಿತ್ತು. ನಾನು ಎತ್ಲಿಲ್ಲ."